ಹಲ್ಲು ಕಟ್ಟುವವನ ಕ್ಯಾಮೆರಾ

ಬೀದಿಯವರ ಬಾಯಲ್ಲಿ ಅವನು ಹಲ್ಲಣ್ಣ. ಹಾಗಂತ ಹಲ್ಲಿನ ಡಾಕ್ಟರೇನೂ ಅಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ದವಡೆಯ ಮೇಲೆ ಮೇಣದ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ಕಟ್ಟಿಕೊಡುವುದು ಅವನ ಕಸುಬು. ಮನೆಯ ಹಿಂಬದಿಯ ಕೋಣೆಯೇ ಕೆಲಸದ ಜಾಗ. ಕಿಟಕಿಗೆ ಆನಿಸಿದ ಉದ್ದ ಮೇಜು, ಅದರ ಮೇಲೊಂದು ಸ್ಪಿರಿಟ್ ದೀಪ, ಮೇಣ ಕೆತ್ತುವ ಸಣ್ಣ ಚಾಕುಗಳು, ಬಿಳಿಯಿಂದ ಹಳದಿಯವರೆಗೆ ಮಾದರಿ ಹಲ್ಲು ಸಿಕ್ಕಿಸಿದ ಪಟ್ಟಿ. ಪ್ಲಾಸ್ಟರಿನ ಪುಡಿ ಅವನ ಹುಬ್ಬಿನ ಮೇಲೆ ಎಷ್ಟು ವರ್ಷದಿಂದ ಕೂತಿತ್ತೆಂದರೆ, ಹುಬ್ಬು ನಿಜವಾಗಿ ನರೆತದ್ದು ಯಾವಾಗ ಎಂಬುದು ಅವನಿಗೇ ತಿಳಿಯಲಿಲ್ಲ.

ಊರಿನ ಅದೆಷ್ಟೋ ಬಾಯಿಗಳಲ್ಲಿ ಅವನ ಕೈಕೆಲಸವಿತ್ತು. ಆ ಬಾಯಿಗಳ ಮೇಲಿನ ಮುಖವನ್ನು ಮಾತ್ರ ಅವನು ಕಂಡವನಲ್ಲ. ಅಚ್ಚಿನ ಜೊತೆ ಬರುವ ಚೀಟಿಯಲ್ಲಿ ವಯಸ್ಸು, ಗಂಡೋ ಹೆಣ್ಣೋ, ಹಲ್ಲಿನ ಬಣ್ಣ ಯಾವುದು, ಇಷ್ಟೇ ಇರುತ್ತಿತ್ತು. ಉಳಿದದ್ದನ್ನು ಅವನೇ ಊಹಿಸಿಕೊಳ್ಳುತ್ತಿದ್ದ. ವಯಸ್ಸಾದ ಬಾಯಿಗೆ ಮುತ್ತಿನ ಸಾಲು ಕೂರಿಸಿದರೆ ಬಾಡಿಗೆಗೆ ತಂದ ಹಾಗೆ ಕಾಣುತ್ತದೆಂದು, ಯಾವುದಾದರೂ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡುತ್ತಿದ್ದ. ಹಾಗೆ ಓರೆ ಮಾಡುವಾಗ ಅವನ ಮುಖವೂ ಅದೇ ದಿಕ್ಕಿಗೆ ಓರೆಯಾಗುತ್ತಿತ್ತು. ನೋಡಿದವರಿಗೆ ನಗು ಬರಬೇಕು, ಆದರೆ ನೋಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಅವನ ಮುಂದೆ ಒಬ್ಬರು ಮುದುಕರಿದ್ದರು. ಹೆಗಲ ಮೇಲೆ ಮೊಮ್ಮಗಳು. ಮಗು ಬಗ್ಗಿ ಅವರ ಕಿವಿಯಲ್ಲಿ ಏನೋ ಗುಟ್ಟು ಹೇಳಿತು. ಮುದುಕರು ತಲೆ ಹಿಂದಕ್ಕೆಸೆದು ಗಹಗಹಿಸಿ ನಕ್ಕರು. ಆ ನಗುವಿನ ನಡುವೆ ಎಡಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ಓರೆಯಾಗಿ ಮಿಂಚಿದ್ದು ಹಲ್ಲಣ್ಣನಿಗೆ ಕಂಡಿತು. ಆ ಹಲ್ಲನ್ನು ಕೂರಿಸಿದವನು ತಾನೇ! ಮಳೆ ಬರುತ್ತಿದ್ದ ದಿನ, ಎರಡು ಸಲ ಮೇಣ ಕರಗಿಸಿ ಮೂರನೆಯ ಸಲಕ್ಕೆ ಸರಿಯಾಗಿ ಕೂತ ಹಲ್ಲು ಅದು. ಮುದುಕರು ಬ್ರೆಡ್ ತೆಗೆದುಕೊಂಡು, ಇನ್ನೂ ನಗುತ್ತಲೇ, ತಿರುವಿನಲ್ಲಿ ಮರೆಯಾದರು. ಹಲ್ಲಣ್ಣ ಸಾಲಿನಿಂದ ಹೊರಬಿದ್ದು ಅವರು ಹೋದ ದಿಕ್ಕನ್ನೇ ನೋಡುತ್ತ ನಿಂತು, ಕೊನೆಗೆ ಬಂದ ಕೆಲಸ ಮರೆತು ಮನೆಗೆ ಹೋದ.

ಮನೆಯಲ್ಲಿ ಅಕ್ಕ ಚಹಾ ಸೋಸಿಕೊಂಡು ಕಾಯುತ್ತಿದ್ದಳು.

"ಬ್ರೆಡ್ ಎಲ್ಲೋ ಪುಟ್ಟಾ?"

"ಅಕ್ಕಾ, ಅವರು ನಕ್ಕರು."

"ಯಾರು ನಕ್ಕರು?"

"ನನ್ನ ಹಲ್ಲು."

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಗಿರ ಏನೂ ಇಲ್ಲ. ಹೋಗಿ ಬ್ರೆಡ್ ತಗೊಂಡು ಬಾ. ಆಮೇಲೆ ಹುಚ್ಚು ಹಿಡಿಸ್ಕೋ, ಪರವಾಗಿಲ್ಲ."

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಹೋದಾಗ ಹಲ್ಲಣ್ಣನಿಗೆ ಇನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಎತ್ತಿ ಆಡಿಸಿದವಳು, ಅಕ್ಷರ ತಿದ್ದಿಸಿದವಳು, ಕಸುಬು ಕಲಿಯಲು ಕಳಿಸಿದವಳು ಎಲ್ಲ ಅಕ್ಕನೇ. ಮದುವೆಯಾಗಿ ಹೋಗಿದ್ದಳು, ಗಂಡ ಇಲ್ಲವಾದ ಮೇಲೆ ತಮ್ಮನ ಮನೆಗೇ ಬಂದು, ಹತ್ತಿರದ ಲಾಡ್ಜಿನ ಹೊದಿಕೆ, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವ ಕೆಲಸ ಹಿಡಿದಿದ್ದಳು. ಕೈ ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ ಅನ್ನುವವಳು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ. ಅವಳ ಮಾತು ಕೇಳಿ ಬೀದಿಯೇ ನಗುತ್ತಿತ್ತು. ಆದರೆ ತಾನು ನಗುವಾಗ ಮಾತ್ರ ಅಂಗೈ ತಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮೇಲಿನ ಎರಡು ಮುಂಹಲ್ಲುಗಳ ನಡುವೆ ಅಗಲವಾದೊಂದು ಸಂದಿತ್ತು. ಅದಕ್ಕೇ ನಾಚಿಕೆ ಎಂದು ಹಲ್ಲಣ್ಣ ತಿಳಿದಿದ್ದ. ಊರಿಗೆಲ್ಲ ಹಲ್ಲು ಕಟ್ಟುವವನ ಮನೆಯಲ್ಲೇ ಹೀಗೆ. ದೀಪದ ಬುಡದಲ್ಲೇ ಕತ್ತಲೆ.

"ಒಂದು ಅಚ್ಚು ತೆಗೆಸಿದ್ರೆ ಸಾಕು, ಆ ಸಂದು ನಾನು ಮುಚ್ಚಿಕೊಡ್ತೀನಿ" ಎಂದು ಅವನು ಎಷ್ಟೋ ಸಲ ಕೇಳಿದ್ದ.

"ಈ ವಯಸ್ಸಲ್ಲಿ ಯಾರನ್ನ ಮೆಚ್ಚಿಸಬೇಕಿದೆ? ಬೇಡ" ಎಂದು ಅವಳು ಅಷ್ಟೇ ಸಲ ಹೇಳಿದ್ದಳು.

ಬ್ರೆಡ್ ಅಂಗಡಿಯ ಆ ನಗು ಹಲ್ಲಣ್ಣನನ್ನು ಬಿಡಲಿಲ್ಲ. ತಾನು ಕಟ್ಟಿದ ಹಲ್ಲುಗಳು ನಗುವುದನ್ನು ನೋಡಬೇಕು, ನೋಡಿದ್ದನ್ನು ಇಟ್ಟುಕೊಳ್ಳಬೇಕು ಎಂಬ ಆಸೆ ಹುಟ್ಟಿತು. ಕೈಯಲ್ಲಿದ್ದ ಫೋನಿನಿಂದಲೇ ಶುರು ಮಾಡಿದ. ಆದರೆ ಆ ಹಳೆಯ ಫೋನು ಯೋಚನೆ ಮಾಡಿ, ಒಪ್ಪಿ, ಕ್ಲಿಕ್ ಎನ್ನುವಷ್ಟರಲ್ಲಿ ಎದುರಿನವರ ನಗು ಮುಗಿದು ಆಕಳಿಕೆ ಶುರುವಾಗಿರುತ್ತಿತ್ತು. ಒತ್ತಿದ ಕ್ಷಣಕ್ಕೇ ಹಿಡಿಯುವ ಕ್ಯಾಮೆರಾ ಬೇಕು, ಲೆನ್ಸು ಬದಲಾಯಿಸುವಂಥದ್ದು, ಡಿಎಸ್ಎಲ್ಆರ್ ಅನ್ನುತ್ತಾರಲ್ಲ ಅದು, ಎಂದು ಯಾರೋ ಹೇಳಿದರು. ಮಂಡಿನೋವು ಬಂದ ಮೇಲೆ ಅವನು ಸ್ಕೂಟರ್ ಮಾರಿದ್ದ. ಆ ಹಣ ಹಾಗೇ ಇತ್ತು.

"ಸ್ಕೂಟರ್ ದುಡ್ಡು ನಿಂದು, ನಿನ್ನಿಷ್ಟ" ಎಂದಳು ಅಕ್ಕ. "ಆದ್ರೆ ಅದರ ಮೇಲೆ ಒಂದು ಕಾಸೂ ಇಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚು. ಸ್ಕೂಟರಾದ್ರೆ ನಿನ್ನನ್ನ ಹೊತ್ತುಕೊಂಡು ಹೋಗ್ತಿತ್ತು. ಇದನ್ನ ನೀನೇ ಹೊರಬೇಕು ನೋಡು."

ಮೊದಲು ಹೋದದ್ದು ದೊಡ್ಡ ರಸ್ತೆಯ ದೊಡ್ಡ ಅಂಗಡಿಗೆ. ಗಾಜಿನ ಕಪಾಟಿನೊಳಗೆ ಕ್ಯಾಮೆರಾಗಳು ಒಡವೆಗಳಂತೆ ಕೂತಿದ್ದವು. ಟೈ ಕಟ್ಟಿದ್ದ ಸೇಲ್ಸ್‌ಮನ್ ಬಾಯಿ ತೆರೆದರೆ ಮೆಗಾಪಿಕ್ಸೆಲ್ಲುಗಳು ಉದುರುತ್ತಿದ್ದವು. "ಸರ್, ಈ ಸೆಟ್ ತಗೊಳ್ಳಿ. ಕ್ಯಾಮೆರಾ, ಹತ್ತಿರಕ್ಕೊಂದು ಲೆನ್ಸು, ದೂರಕ್ಕೊಂದು ಲೆನ್ಸು. ಬ್ಯಾಗು, ಸ್ಟ್ಯಾಂಡು, ಕಾರ್ಡು, ಒರೆಸೋ ಬಟ್ಟೆ ಎಲ್ಲಾ ಫ್ರೀ."

ಹಲ್ಲಣ್ಣನ ಕಣ್ಣು ದೂರದ ಲೆನ್ಸಿನ ಮೇಲೆ ನಿಂತಿತು. ಮೊಳಕೈಯುದ್ದದ ಲೆನ್ಸು. ಅವನು ಮಹಾ ಸಂಕೋಚದವನು. ಅಂಗಡಿಯಲ್ಲಿ ಚಿಲ್ಲರೆ ತಪ್ಪಾಗಿ ಕೊಟ್ಟರೂ ಕೇಳಲು ನಾಚುವವನು. "ಇದರಲ್ಲಿ... ಅವರಿಗೆ ಗೊತ್ತಾಗದ ಹಾಗೆ, ದೂರದಿಂದ ತೆಗೀಬಹುದಾ?"

"ಎದುರುಗಡೆ ಬಾಲ್ಕನಿಯಲ್ಲಿ ಕೂತಿರೋರ ಮೀಸೆ ಎಣಿಸಬಹುದು ಸರ್!"

ಬೆಲೆ ಸ್ಕೂಟರನ್ನು ದಾಟಿ ಬಹಳ ಮುಂದೆ ಹೋಗಿತ್ತು. ಕಂತಿನಲ್ಲಿ ಕಟ್ಟಬಹುದು ಎಂದ ಸೇಲ್ಸ್‌ಮನ್. "ಅಕ್ಕನ್ನ ಕೇಳಿ ಬರ್ತೀನಿ" ಎಂದು ಹೇಳಿ ಹಲ್ಲಣ್ಣ ಹೊರಬಂದ. ಐವತ್ತು ದಾಟಿದ ಗಂಡಸು ಅಕ್ಕನನ್ನು ಕೇಳಬೇಕು ಅಂದದ್ದಕ್ಕೆ ಸೇಲ್ಸ್‌ಮನ್ ನಕ್ಕ. ಚೆಂದದ ಹಲ್ಲು, ಎಲ್ಲವೂ ಸ್ವಂತದ್ದು.

ಅದೇ ರಸ್ತೆಯ ಹಿಂದಿನ ಓಣಿಯಲ್ಲಿ, ಒಂದು ಮೆಟ್ಟಿಲಿನ ಕೆಳಗೆ, ಹಳೆಯ ಕ್ಯಾಮೆರಾ ಮಾರುವ ಮತ್ತು ರಿಪೇರಿ ಮಾಡುವ ಅಂಗಡಿಯಿತ್ತು. ನಾಲ್ಕು ಜನ ನಿಂತರೆ ಐದನೆಯವರು ಹೊರಗೆ. ಒಳಗೆ ಕೂತಿದ್ದ ಹೆಂಗಸಿಗೆ ಹಣೆಯ ಮೇಲೆ ಭೂತಗನ್ನಡಿ, ಕೈಯಲ್ಲಿ ಸೂಜಿಯಂಥ ಸ್ಕ್ರೂಡ್ರೈವರ್. ಅವಳ ಮೇಜು ನೋಡಿದ ಕೂಡಲೇ ಹಲ್ಲಣ್ಣನಿಗೆ ತನ್ನ ಮೇಜು ನೋಡಿದ ಹಾಗಾಗಿ ಉಸಿರು ಹಗುರವಾಯಿತು.

"ಏನು ತೆಗೀಬೇಕು ನಿಮಗೆ?" ಎಂದು ಅವಳು ಕೇಳಿದಳು. ಎಷ್ಟು ದುಡ್ಡಿದೆ ಎಂದು ಮೊದಲು ಕೇಳಲಿಲ್ಲ.

"ನಗು."

ಅವಳು ನಗಲಿಲ್ಲ. "ಒಳಗಡೆನಾ, ಹೊರಗಡೆನಾ?"

"ಒಳಗಡೆ. ಕಿಟಕಿ ಹತ್ತಿರ. ವಯಸ್ಸಾದವರದ್ದು."

"ಹಾಗಾದ್ರೆ ಬೆಳಕು ಕಮ್ಮಿ." ಅವಳು ಕಪಾಟಿನಿಂದ ಒಂದು ಕ್ಯಾಮೆರಾ ತೆಗೆದಳು. ಹಿಡಿಯುವಲ್ಲಿನ ರಬ್ಬರ್ ಸವೆದಿತ್ತು, ಹಿಂದಿನ ಪರದೆಯ ಮೂಲೆಯಲ್ಲಿ ಒಂದು ಗೀರು. "ಇದನ್ನ ಇಟ್ಕೊಂಡಿದ್ದವರು ಹಕ್ಕಿ ತೆಗೀತಿದ್ರು. ಇದರ ವೇಗ ಅವರಿಗೆ ಸಾಲಲಿಲ್ಲ, ಮಾರಿದ್ರು. ಮನುಷ್ಯರು ಅಷ್ಟು ಬೇಗ ಹಾರಿಹೋಗಲ್ಲ. ನಿಮಗೆ ಸಾಕು."

ಅದಕ್ಕೆ ಎರಡು ಲೆನ್ಸು ತೋರಿಸಿದಳು. ಒಂದು, ಹೊಸ ಕ್ಯಾಮೆರಾಗಳ ಜೊತೆ ಬರುವ ಸಾಮಾನ್ಯ ಜೂಮ್. ತಿರುಗಿಸಿದರೆ ಅಗಲವಾಗಿಯೂ ಕಾಣುತ್ತದೆ, ಸ್ವಲ್ಪ ಹತ್ತಿರವಾಗಿಯೂ ಕಾಣುತ್ತದೆ. ಇನ್ನೊಂದು ಗಿಡ್ಡ, ಹಗುರ. ಐವತ್ತು ಎಂದು ಬರೆದಿತ್ತು. ಜೂಮ್ ಗೀಮ್ ಇಲ್ಲ. ಹತ್ತಿರ ಬೇಕಾದರೆ ನೀವೇ ಹತ್ತಿರ ಹೋಗಬೇಕು, ದೂರ ಬೇಕಾದರೆ ನೀವೇ ಹಿಂದೆ ಸರಿಯಬೇಕು.

"ಎರಡರಲ್ಲೂ ನನ್ನನ್ನೇ ತೆಗೆದು ನೋಡಿ" ಎಂದಳು.

ಜೂಮಿನಲ್ಲಿ ತೆಗೆದ ಚಿತ್ರದಲ್ಲಿ ಅವಳು ಮಬ್ಬಾಗಿ, ಅಲುಗಾಡಿದ ಹಾಗೆ ಬಂದಳು. ಗಿಡ್ಡ ಲೆನ್ಸಿನಲ್ಲಿ ಅದೇ ಅಂಗಡಿ, ಅದೇ ಒಂಟಿ ಬಲ್ಬು, ಆದರೆ ಅವಳ ಹಣೆಯ ಮೇಲಿನ ಗೆರೆಗಳು, ಕಣ್ಣೊಳಗಿನ ಬಲ್ಬಿನ ಚುಕ್ಕಿ ಎಲ್ಲ ತಿಳಿಯಾಗಿ ಮೂಡಿದವು.

"ಲೆನ್ಸು ಅಂದ್ರೆ ಕಿಟಕಿ. ಈ ಗಿಡ್ಡಂದು ದೊಡ್ಡ ಕಿಟಕಿ. ಇಲ್ಲಿ ಒಂದು ಪಾಯಿಂಟ್ ಎಂಟು ಅಂತ ಇದೆಯಲ್ಲ, ಆ ನಂಬರ್ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. ಉಲ್ಟಾ ಲೆಕ್ಕ."

"ಇನ್ನೊಂದು ಅಂಗಡಿಯಲ್ಲಿ ಒಂದು ಉದ್ದ ಲೆನ್ಸ್ ನೋಡಿದೆ..." ಎಂದು ಅವನು ರಾಗ ಎಳೆದ.

"ಕದ್ದು ನೋಡೋಕೆ ಅದು ಸರಿ. ನಿಮ್ಮನ್ನ ನೋಡಿ ನಗಬೇಕು ಅಂದ್ರೆ ನೀವು ಅವರ ಕಣ್ಣಿಗೆ ಬೀಳಬೇಕಲ್ಲ?"

ಹಲ್ಲಣ್ಣ ಮನೆಗೆ ಬಂದ. ಆಮೇಲೆ ಶುರುವಾಯಿತು ನೋಡಿ ಅಳೆದು ಸುರಿಯುವುದು. ಹೊಸದೋ ಹಳೆಯದೋ? ಹೊಸದಾದರೆ ಗ್ಯಾರಂಟಿ ಇರುತ್ತದೆ. ಹಳೆಯದಾದರೆ ಒಳ್ಳೆಯ ಲೆನ್ಸಿಗೆ ದುಡ್ಡು ಉಳಿಯುತ್ತದೆ. ಜೂಮ್ ಇದ್ದರೆ ಅನುಕೂಲ. ಇಲ್ಲದಿದ್ದರೆ ಬೆಳಕು. ಶನಿವಾರ ಬಂತೆಂದರೆ ಆ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋಗಿ, ಅದೇ ಕ್ಯಾಮೆರಾ ಎತ್ತಿ, ಅದೇ ಪ್ರಶ್ನೆ ಕೇಳಿ, ಅದೇ ಜಾಗದಲ್ಲಿ ಇಟ್ಟು ಬರುತ್ತಿದ್ದ. ರಿಪೇರಿಯವಳು ಒಮ್ಮೆಯೂ ಬೇಸರಿಸಲಿಲ್ಲ. ಅಕ್ಕ ಬೇಸರಿಸಿದಳು.

"ಮದುವೆ ವಿಷಯದಲ್ಲೂ ಹೀಗೇ ಮೀನಮೇಷ ಎಣಿಸ್ತಾ ಕೂತೆ. ಹುಡುಗಿ ಬೇರೆಯವನ್ನ ಕಟ್ಕೊಂಡ್ಳು, ಅವಳ ಮಗಳಿಗೂ ಮದುವೆ ಆಯ್ತು. ಈಗ ಈ ಕ್ಯಾಮೆರಾನೂ ಕೈ ಬಿಟ್ಟು ಹೋಗ್ಲಿ ಅಂತಾನಾ? ನಡಿ, ನಾನೂ ಬರ್ತೀನಿ."

ಅಕ್ಕ ಬಂದಳು. ಅಂಗಡಿಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಸವೆದ ರಬ್ಬರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. "ಚೆನ್ನಾಗಿ ದುಡಿದಿರೋ ಕೈ ಹಿಡಿದಿದೆ ಇದನ್ನ" ಎಂದಳು. ರಿಪೇರಿಯವಳು, "ಕ್ಯಾಮೆರಾ ಹಳೇದಾಗತ್ತೆ ಅಮ್ಮ, ಲೆನ್ಸು ಉಳಿಯತ್ತೆ. ದುಡ್ಡು ಕಮ್ಮಿ ಇದ್ರೆ ಲೆನ್ಸಿಗೆ ಹಾಕೋದೇ ವಾಸಿ. ಒಂದು ತಿಂಗಳು ಇಟ್ಕೊಳ್ಳಲಿ; ಬೇಡ ಅನ್ನಿಸಿದ್ರೆ ವಾಪಸ್ ತರಲಿ" ಎಂದಳು. ಹಾಗೆನ್ನುತ್ತ, ಎಲ್ಲ ಸರಿಯಿದೆ ಎಂದು ತೋರಿಸಲು ಕ್ಯಾಮೆರಾವನ್ನು ಅಕ್ಕನ ಕಡೆ ತಿರುಗಿಸಿ, "ಸ್ವಲ್ಪ ನಗಿ ನೋಡೋಣ" ಎಂದಳು.

ಅಕ್ಕನ ಅಂಗೈ ಹಾರಿ ಬಾಯಿಗೆ ಹೋಯಿತು. ಹೋದ ವೇಗಕ್ಕೆ ಅಕ್ಕನೇ ಪೆಚ್ಚಾದಳು. ರಿಪೇರಿಯವಳು ಏನೂ ಆಗದವಳಂತೆ ಕ್ಯಾಮೆರಾ ಇಳಿಸಿ, ಬಾಗಿಲಾಚೆ ನಿಂತಿದ್ದ ಸೈಕಲ್ಲಿನ ಚಿತ್ರ ತೆಗೆದು ತೋರಿಸಿದಳು. ಹಲ್ಲಣ್ಣ ಅಕ್ಕನ ಕೈಯನ್ನೂ ನೋಡಿದ, ಕ್ಯಾಮೆರಾ ಇಳಿದದ್ದನ್ನೂ ನೋಡಿದ. ಆ ಹೆಂಗಸಿನ ಮೇಲೆ ಅವನಿಗೆ ಪೂರ್ತಿ ನಂಬಿಕೆ ಹುಟ್ಟಿದ್ದು ಆಗ.

"ಇದೇ ಕೊಡಿ" ಎಂದ. "ಗಿಡ್ಡ ಲೆನ್ಸೇ ಇರಲಿ."

ಸ್ಕೂಟರಿನ ದುಡ್ಡಿನಲ್ಲಿ ಇನ್ನೊಂದು ಬ್ಯಾಟರಿಗೂ ಆಗುವಷ್ಟು ಉಳಿಯಿತು.

ಮನೆಯಲ್ಲಿ ಗಿಡ್ಡ ಲೆನ್ಸಿನ ಗುಣ ಗೊತ್ತಾಯಿತು. ಅಡುಗೆಮನೆಯಲ್ಲಿ ನಿಂತು ತೆಗೆದರೆ ಅರ್ಧ ಪಾತ್ರೆ ಮಾತ್ರ ಬರುತ್ತಿತ್ತು. ಹಿಂದೆ ಸರಿದ, ಬೆನ್ನಿಗೆ ಗೋಡೆ ಸಿಕ್ಕಿತು. ಬಾಗಿಲಾಚೆಗೆ ಹೋದ, ಆಗ ಪೂರ್ತಿ ಪಾತ್ರೆ ಬಂತು. ಕೆಳಮನೆಯಲ್ಲಿದ್ದ ಅಕ್ಕನ ಗೆಳತಿ ಫೋಟೋಕ್ಕೆ ಕೂರಲು ಒಪ್ಪಿದಳು. ಚಿತ್ರದಲ್ಲಿ ಅವಳ ಕಿವಿ ಕೆತ್ತಿದಷ್ಟು ಸ್ಪಷ್ಟ, ಕಣ್ಣು ಮೂಗು ಎಲ್ಲ ಮಂಜು. ದೊಡ್ಡ ಕಿಟಕಿ ಪೂರ್ತಿ ತೆರೆದರೆ ಹಾಗೇ, ಒಂದು ಬೆರಳಿನಷ್ಟು ಜಾಗ ಮಾತ್ರ ತಿಳಿಯಾಗಿರುತ್ತದೆ, ಕಣ್ಣಿಗೆ ಗುರಿಯಿಡಬೇಕು ಎಂದು ರಿಪೇರಿಯವಳು ಹೇಳಿಕೊಟ್ಟಳು. "ನಿನ್ನ ಕ್ಯಾಮೆರಾಕ್ಕೆ ಕಿವಿ ಮೇಲೇ ಪ್ರೀತಿ" ಎಂದು ಅಕ್ಕ ಅಂಗೈ ಮರೆಯಲ್ಲಿ ನಕ್ಕಳು.

ಅಚ್ಚು ಕಳಿಸುವ ಹಲ್ಲಿನ ಡಾಕ್ಟರಮ್ಮನ ಮುಂದೆ ಹೋಗಿ ಕೇಳುವುದಕ್ಕೆ ಅವನಿಗೆ ಕ್ಯಾಮೆರಾ ಆರಿಸಿದ್ದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಹೊಸ ಸೆಟ್ಟು ಹಾಕುವ ದಿನ ತಾನೂ ಬರಬಹುದೇ, ಒಂದು ಫೋಟೋ ತೆಗೆಯಬಹುದೇ? "ಅವರು ಒಪ್ಪಿದ್ರೆ ಧಾರಾಳವಾಗಿ ಬನ್ನಿ" ಎಂದರು ಅವರು. "ಇಷ್ಟು ವರ್ಷ ಬರೀ ಪೊಟ್ಟಣದಲ್ಲೇ ಭೇಟಿಯಾಗಿದ್ದೀರಿ ಅವರನ್ನ. ಎದುರಾ ಎದುರು ನೋಡಿ."

ಮೊದಲನೆಯವರು ನಿವೃತ್ತ ಬಸ್ ಡ್ರೈವರು. ಹೊಸ ಹಲ್ಲು ಹಾಕಿಸಿಕೊಂಡು ತುಟಿಗಳನ್ನು ತಿಜೋರಿಯ ಹಾಗೆ ಮುಚ್ಚಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತರು. ಬಂದದ್ದು ಮುಚ್ಚಿದ ತಿಜೋರಿಯ ಫೋಟೋ.

ಮುಂದಿನ ವಾರ ಒಬ್ಬ ಅಜ್ಜಿ. ಸಣ್ಣ ಆಕೃತಿ, ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕ್ಯಾಮೆರಾ ಹಿಡಿದ ಈ ಗಂಡಸು ಯಾರು ಎಂದು ಅನುಮಾನದಿಂದ ನೋಡಿದರು. ಹಲ್ಲಣ್ಣ ಬೇರೆ ದಾರಿ ಕಾಣದೆ ನಿಜ ಹೇಳಿದ. "ಅಜ್ಜಿ, ಈ ಹಲ್ಲು ಕಟ್ಟಿದ್ದು ನಾನು."

ಅಜ್ಜಿ ಬಾಯೊಳಗೆ ನಾಲಿಗೆ ಆಡಿಸಿದರು. ಆಮೇಲೆ ಕೈ ಚಾಚಿ ಅವನ ಕೆನ್ನೆ ಹಿಂಡಿದರು. "ಓಹೋ, ಬೆಳಗಿಂದ ನನ್ನ ಬಾಯೊಳಗೆ ಕೂತು ಮಾತಾಡೋಕೆ ಬಿಡದೇ ಇರೋನು ನೀನೇನಪ್ಪಾ!" ಎಂದು ಹೇಳಿ, ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮ ನಕ್ಕರು. ಕೆನ್ನೆ ಹಿಂಡಿಸಿಕೊಳ್ಳುತ್ತಲೇ ಹಲ್ಲಣ್ಣ ಕ್ಯಾಮೆರಾದ ಗುಂಡಿ ಒತ್ತಿದ. ಮೊಳಕೈಯುದ್ದದ ಲೆನ್ಸು ಕೊಂಡಿದ್ದರೆ ಆ ಅಜ್ಜಿಯ ಕೈ ಅವನ ಕೆನ್ನೆಗೆ ನಿಲುಕುತ್ತಿರಲಿಲ್ಲ.

ಅಲ್ಲಿಂದ ಅವನ ಸಂಕೋಚ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಎರಡೂ ಒಟ್ಟಿಗೆ ಸಿಕ್ಕವರ ಮುಖ ಹೇಗಿರುತ್ತದೆಂದು ಅವನು ಕಣ್ಣಾರೆ ಕಂಡ. ಕೆಲವರು ನಗುವ ಮೊದಲು ಅತ್ತರು. ಒಬ್ಬರು ಕನ್ನಡಿ ನೋಡಿ, ಯಾರಿಗೋ ಎಂಬಂತೆ, ನಮಸ್ಕಾರ ಎಂದರು. ಅವನು ಕಾಯುವುದನ್ನು ಕಲಿತ. ಮೇಣ ಆರುವುದನ್ನು ಕಾದವನಿಗೆ ಅದೇನೂ ಹೊಸದಲ್ಲ.

ಆದರೆ ಅಕ್ಕನ ಒಂದು ಚಿತ್ರವೂ ಅವನ ಬಳಿ ಇರಲಿಲ್ಲ. ಕೇಳಿದರೆ "ಫಿಲ್ಮು ದಂಡ" ಅನ್ನುತ್ತಿದ್ದಳು. ಇದರಲ್ಲಿ ಫಿಲ್ಮು ಇಲ್ಲ ಅಂದರೆ, "ಹಾಗಾದ್ರೆ ಬ್ಯಾಟರಿ ದಂಡ".

ಒಂದು ಭಾನುವಾರ ಬಿಸಿಲು ಚೆನ್ನಾಗಿತ್ತು. ಮಹಡಿಯ ಮೇಲೆ ಅಕ್ಕ ಮತ್ತು ಕೆಳಮನೆಯ ಗೆಳತಿ ಲಾಡ್ಜಿನ ದೊಡ್ಡ ಹೊದಿಕೆಗಳನ್ನು ಹಿಂಡುತ್ತಿದ್ದರು. ದಪ್ಪ ಹೊದಿಕೆ ಒಬ್ಬರ ಕೈಗೆ ಬಗ್ಗುವುದಿಲ್ಲ. ಒಂದು ತುದಿ ಇವಳು, ಇನ್ನೊಂದು ತುದಿ ಅವಳು ಹಿಡಿದು ತಿರುಚಬೇಕು. ಹಲ್ಲಣ್ಣ ಒಣಗಿದ ಬಟ್ಟೆ ತರಲು ಹತ್ತಿದವನು, ಬೆಳಕು ನೋಡಿ ಕೆಳಗೆ ಹೋಗಿ ಕ್ಯಾಮೆರಾ ತಂದಿದ್ದ. ಬಟ್ಟೆ ಹರವಿದ ಹಗ್ಗದ ಚಿತ್ರ ತೆಗೆಯುವ ಯೋಚನೆ.

"ಎಷ್ಟು ತಿರುಚಿದ್ರೂ ನೀರೇ ಇಳೀತಿಲ್ವಲ್ಲೇ" ಎಂದಳು ಅಕ್ಕ, ಏದುಸಿರು ಬಿಡುತ್ತ.

"ಇನ್ನೂ ಜೋರಾಗಿ ತಿರುಚು" ಎಂದಳು ಗೆಳತಿ.

ಇಬ್ಬರೂ ಹಲ್ಲು ಕಚ್ಚಿ ತಿರುಚಿದರು. ಹೊದಿಕೆ ಸುಮ್ಮನೆ ಗಿರಗಿರ ತಿರುಗಿತು. ಇಬ್ಬರೂ ಒಂದೇ ದಿಕ್ಕಿಗೆ ತಿರುಚುತ್ತಿದ್ದರು! ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗೆಳತಿ ಅಲ್ಲೇ ಕುಕ್ಕರಿಸಿದಳು. ಅಕ್ಕ ತಲೆಯೆತ್ತಿ ನಕ್ಕಳು. ಎರಡೂ ಕೈಯಲ್ಲಿ ಒದ್ದೆ ಹೊದಿಕೆಯ ಭಾರ. ಬಿಟ್ಟರೆ ಒಗೆದದ್ದೆಲ್ಲ ಮಣ್ಣುಪಾಲು. ಹಾಗಾಗಿ ಕೈ ಬಾಯಿಗೆ ಹೋಗಲಿಲ್ಲ. ನಗು ಪೂರ್ತಿ ಹೊರಗೆ ಬಂತು, ಸಂದಿನ ಸಮೇತ.

ಹಲ್ಲಣ್ಣ ಮೂರು ಹೆಜ್ಜೆಯ ದೂರದಲ್ಲಿದ್ದ. ಕಣ್ಣಿಗೆ ಗುರಿಯಿಟ್ಟು ಒಂದೇ ಒಂದು ಸಲ ಒತ್ತಿದ. ಕ್ಲಿಕ್ ಎಂದದ್ದು ನಗುವಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಆ ವಾರದ ಚಿತ್ರಗಳನ್ನು ಪ್ರಿಂಟು ಹಾಕಿಸಿ ತಂದಾಗ ಅದೂ ಜೊತೆಯಲ್ಲಿತ್ತು. ತೋರಿಸಲೋ ಬೇಡವೋ ಎಂದು ಅವನು ಅಳೆದು ಸುರಿಯುತ್ತಿರುವಾಗಲೇ ಅಕ್ಕ ಕವರು ತೆಗೆದು, ಕನ್ನಡಕ ಏರಿಸಿ, ಅಡುಗೆಮನೆಯ ಮೇಜಿನ ಮೇಲೆ ಒಂದೊಂದಾಗಿ ಹರಡತೊಡಗಿದಳು. "ಈ ಅಜ್ಜಿ ಗಟ್ಟಿಗಿತ್ತಿ ಕಣೋ... ಇವರು ಯಾಕೆ ಅಳ್ತಿದ್ದಾರೆ, ಹಲ್ಲು ಚುಚ್ಚಿತಾ?"

ಆಮೇಲೆ ಹೊದಿಕೆಯ ದಿನದ ಫೋಟೋ ಅವಳ ಕೈಗೆ ಬಂತು.

ಹಲ್ಲಣ್ಣ ಬೈಗುಳಕ್ಕೆ ಸಿದ್ಧನಾಗಿ ನಿಂತ. ಅಕ್ಕ ಬೈಯಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇಳಿಸಿದಳು. ಮತ್ತೆ ಹಿಡಿದಳು.

"ಅಮ್ಮ" ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಅಮ್ಮ ಹೇಗಿದ್ಲು ಅಂತ ಚಿಕ್ಕವನಿದ್ದಾಗ ಕೇಳಿ ಕೇಳಿ ನನ್ನ ಪ್ರಾಣ ತಿಂತಿದ್ದೆಯಲ್ಲ. ಒಂದು ಫೋಟೋನೂ ಇರಲಿಲ್ಲ. ಏನಂತ ಹೇಳೋದು ನಾನು? ನೋಡು. ಹೀಗೇ ಇದ್ಲು. ನಗೋವಾಗ ಥೇಟ್ ಹೀಗೇ."

ಅಕ್ಕ ಕುರ್ಚಿ ಎಳೆದು ಕೂತಳು. ಹೇಳುವಾಗ ಅವನ ಮುಖ ನೋಡಲಿಲ್ಲ, ಫೋಟೋವನ್ನೇ ನೋಡಿದಳು.

"ಅಮ್ಮ ಹೋಗಿ ಸ್ವಲ್ಪ ದಿನ ಆಗಿತ್ತು. ಊಟಕ್ಕೆ ಕೂತಿದ್ವಿ. ನೀನು ತಟ್ಟೆಯೊಳಗೆ ಮೂತಿ ಇಟ್ಟು ಏನೋ ಆಟ ಆಡಿದೆ. ನಂಗೆ ನಗು ತಡೆಯೋಕೆ ಆಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ. ಅಪ್ಪ ತಲೆ ಎತ್ತಿ ನನ್ನ ನೋಡಿದ್ರು. ತಟ್ಟೆ ಬಿಟ್ಟು ಎದ್ದು ಹೋದ್ರು. ಹೋಗಿ ನೋಡಿದ್ರೆ ಹಿತ್ತಲಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತಿದ್ರು. ಬೈಲಿಲ್ಲ ಕಣೋ. ಬೈದಿದ್ರೆ ಮರೀತಿದ್ದೆ. ಅವತ್ತಿಂದ ನಗು ಬಂದ್ರೆ ಕೈ ತಾನಾಗೇ ಹೋಗತ್ತೆ. ಆಮೇಲೆ ಅಪ್ಪನೂ ಹೋದ್ರು. ಈ ಕೈಗೆ ಮಾತ್ರ ಯಾರೂ ಹೇಳಲಿಲ್ಲ."

ಹಲ್ಲಣ್ಣ ಫೋಟೋದತ್ತ ಬಗ್ಗಿದ. "ನಾನು ಆ ಸಂದು ಮುಚ್ತೀನಿ ಮುಚ್ತೀನಿ ಅಂತ..."

"ಅದಕ್ಕೇ ಬೇಡ ಅಂದಿದ್ದು. ಅಮ್ಮಂದು ಅಂತ ಈ ಮನೇಲಿ ಉಳಿದಿರೋದು ಅದೊಂದೇ. ನೀನು ಮೇಣ ತುಂಬಿ ಮುಚ್ಚಿಬಿಟ್ಟಿದ್ರೆ?"

ಅವನು ಫೋಟೋ ಕೈಗೆ ತೆಗೆದುಕೊಂಡ. "ಕಣ್ಣು ಅಪ್ಪಂದು" ಎಂದಳು ಅಕ್ಕ. "ಮೂಗಿನಿಂದ ಕೆಳಗೆ ಅಮ್ಮ." ಅವನು ಫೋಟೋದ ಮೇಲರ್ಧಕ್ಕೆ ಅಂಗೈ ಅಡ್ಡ ಹಿಡಿದ. ತೆರೆದ ತುಟಿಗಳು, ಕೆನ್ನೆಯ ಎರಡು ಕಡೆಯ ಕಮಾನು, ನಡುವೆ ಸಂದು. ಜೀವಮಾನವಿಡೀ ಮುಖ ಕಾಣದೆ ಬಾಯಿಗಳನ್ನಷ್ಟೇ ಕಂಡವನು ಅವನು. ಅಷ್ಟರಿಂದಲೇ ಉಳಿದದ್ದನ್ನು ಊಹಿಸುವುದು ಅವನಿಗೆ ಬರುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅಕ್ಕ ಎದ್ದು ಹೋಗಿ ಆರಿಸಿದಳು, ಕಣ್ಣು ಒರೆಸಿಕೊಂಡಳು, ಚೆಲ್ಲಿದ್ದಕ್ಕೆ ತಮ್ಮನನ್ನೇ ಬೈದಳು.

ಒಂದು ಫೋಟೋದಿಂದ ಅಷ್ಟು ವರ್ಷದ ಅಭ್ಯಾಸ ಹೋಗುವುದಿಲ್ಲ. ಅಕ್ಕನ ಕೈ ಈಗಲೂ ಏಳುತ್ತದೆ. ಕೆಲವು ಸಲ ಗಲ್ಲದವರೆಗೆ ಬಂದು, ಯಾಕೆ ಬಂದೆ ಎಂದು ಮರೆತ ಹಾಗೆ, ಅಲ್ಲೇ ನಿಲ್ಲುತ್ತದೆ. ಡಾಕ್ಟರಮ್ಮ ತಮ್ಮ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಹಲ್ಲಣ್ಣನ ಚಿತ್ರಗಳನ್ನು, ಒಪ್ಪಿದವರದ್ದನ್ನು ಮಾತ್ರ, ಸಾಲಾಗಿ ತೂಗುಹಾಕಿದ್ದಾರೆ. ಹೆದರಿಕೊಂಡು ಬಂದವರು ಕೆನ್ನೆ ಹಿಂಡುವ ಅಜ್ಜಿಯನ್ನು ನೋಡಿ ಸ್ವಲ್ಪ ಹಗುರಾಗುತ್ತಾರೆ. ಬಸ್ ಡ್ರೈವರು ಒಂದು ದಿನ ತಾವಾಗಿಯೇ ಬಂದು, "ನಂದು ಇನ್ನೊಂದು ಸಲ ತೆಗೀರಿ, ಅವತ್ತು ರೆಡಿ ಇರಲಿಲ್ಲ" ಎಂದರು. ತಿಂಗಳು ಕಳೆದು ಎಷ್ಟೋ ದಿನವಾಯಿತು, ಕ್ಯಾಮೆರಾ ಮೆಟ್ಟಿಲ ಕೆಳಗಿನ ಅಂಗಡಿಗೆ ವಾಪಸು ಹೋಗಿಲ್ಲ. ಹಲ್ಲಣ್ಣ ಮಾತ್ರ ಶನಿವಾರಗಳಂದು ಹೋಗಿ ಬರುತ್ತಾನೆ. ಏನು ಕೆಲಸ ಎಂದು ಅಕ್ಕ ಕೇಳುವುದಿಲ್ಲ. ಕೇಳದೇ ಇರುವುದು ಅವಳಿಗೆ ಎಷ್ಟು ಕಷ್ಟವೆಂದು ಅವನಿಗೆ ಗೊತ್ತು.

ಗೋಡೆಗೆ ಹಾಕಲು ತನ್ನದೊಂದು ಒಳ್ಳೆಯ ಫೋಟೋ ಬೇಕೆಂದು ಮೊನ್ನೆ ಅಕ್ಕನೇ ಕೇಳಿದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು ಕೂತಳು. "ಸ್ವಲ್ಪ ನಗಕ್ಕಾ" ಅಂದರೆ, "ಸುಮ್ಮನೆ ತೆಗಿಯೋ" ಎಂದಳು. ಬಂದ ಚಿತ್ರಕ್ಕೆ ಅವಳೇ ಚೌಕಟ್ಟು ಹಾಕಿಸಿದಳು. ಹೊದಿಕೆಯ ದಿನದ್ದು ಹಲ್ಲಣ್ಣನ ಮೇಜಿನ ಎದುರು, ಮಾದರಿ ಹಲ್ಲಿನ ಪಟ್ಟಿಯ ಪಕ್ಕ ಇದೆ.

ಚೌಕಟ್ಟು ತೂಗುಹಾಕಿದ ದಿನ ಕೆಳಮನೆಯ ಗೆಳತಿ ಬಂದು ತಲೆ ವಾಲಿಸಿ ನೋಡಿದಳು. "ಇದ್ಯಾರೇ? ಬಾಡಿಗೆ ವಸೂಲಿಗೆ ಬಂದ ಹಾಗೆ ಕೂತಿದ್ದಾರೆ?"

ಹಿಂದಿನ ಕೋಣೆಯಲ್ಲಿ ಹಲ್ಲಣ್ಣ ಯಾರದೋ ಕೋರೆಹಲ್ಲು ಕೂರಿಸುತ್ತಿದ್ದ. ಅಕ್ಕನ ನಗು ಗೋಡೆ ದಾಟಿ ಬಂತು, ಬಿಡದೆ ಬಂತು, ಗೆಳತಿಯದೂ ಸೇರಿತು. ಅವನು ಎದ್ದು ಹೋಗಲಿಲ್ಲ. ಕೈಯಲ್ಲಿ ಮೇಣ ಇನ್ನೂ ಮೆತ್ತಗಿತ್ತು.